ಅಂಗಳಕ್ಕೆ ಯಾವ ಹುಲ್ಲು? ಕಲಬುರಗಿಯ ಬಿಸಿಲಿನಲ್ಲಿ ಮೆಕ್ಸಿಕನ್ ಹುಲ್ಲು ಸತ್ತ ಮೇಲೆ ಕೇಳುತ್ತಿದ್ದೇನೆ

ಅಂಗಳದವಳು, ಕಲಬುರಗಿ
ಏಪ್ರಿಲ್ 24

ಎಲ್ಲರಿಗೂ ನಮಸ್ಕಾರ. ಜೇವರ್ಗಿ ರಸ್ತೆಯ ಕಡೆಯ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿ ಎರಡು ವರ್ಷವಾಯಿತು. ಉತ್ತರಕ್ಕೆ ಬಾಗಿಲು. ಬಾಗಿಲ ಮುಂದೆ 30 ಅಡಿ ಅಗಲ, 20 ಅಡಿ ಉದ್ದದ ಅಂಗಳವಿದೆ. ಅಲ್ಲಿ ಹುಲ್ಲು ಹಾಸಿಸಬೇಕೆಂಬುದು ನನ್ನೊಬ್ಬಳದೇ ಹಟ. ಯಜಮಾನರು ಪರಸಿ ಕಲ್ಲು ಹಾಕಿಸಿ ಮುಗಿಸೋಣ ಎಂದಿದ್ದರು. ಅತ್ತೆಯವರು ಏನೂ ಹೇಳದೆ ನಕ್ಕಿದ್ದರು.

ಫೆಬ್ರುವರಿ ಮೊದಲ ವಾರ ಒಂದು ನರ್ಸರಿಯಿಂದ ಮೆಕ್ಸಿಕನ್ ಹುಲ್ಲಿನ ಚೌಕಗಳನ್ನು ತರಿಸಿದೆ. ಅಡಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡ, ಚಾಪೆಯಂಥ ತುಂಡುಗಳು. ನಮ್ಮದು ಅಪ್ಪಟ ಎರೆ ಮಣ್ಣು. ಅದರ ಮೇಲೆ ನಾಲ್ಕು ಪುಟ್ಟಿ ಮರಳು ಚೆಲ್ಲಿ, ಚೌಕಗಳನ್ನು ಒತ್ತೊತ್ತಾಗಿ ಜೋಡಿಸಿ, ನೀರು ಹೊಡೆದು ಆಳುಗಳು ಹೋದರು. ಮೊದಲ ತಿಂಗಳು ಬಂದವರೆಲ್ಲ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದಾಡಿದರು. ಮಾರ್ಚ್ ಕೊನೆಗೆ ಎಳೆ ಎಲೆಗಳು ಹಳದಿಯಾದವು. ನೀರು ಸಾಲದೆಂದು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಪೈಪು ಹಿಡಿದೆ. ಈಗ ಅಂಗಳವೆಲ್ಲ ಜೋಳದ ಕಣಿಕೆಯ ಬಣ್ಣ. ಚೌಕ ಮತ್ತು ಚೌಕದ ನಡುವೆ ಬೆರಳು ತೂರುವಷ್ಟು ಬಿರುಕು. ನರ್ಸರಿಯವರಿಗೆ ಫೋನ್ ಮಾಡಿದರೆ, "ಮೇಡಂ, ನೀವು ನೀರು ಸರಿಯಾಗಿ ಹಾಕಿಲ್ಲ" ಎಂದರು. ಎರಡು ಹೊತ್ತು ನಿಂತವಳಿಗೆ ಈ ಮಾತು!

ನಮ್ಮ ಬೋರಿನ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತದೆ. ಅಂಗಳದ ಪಶ್ಚಿಮದ ಮೂಲೆಯಲ್ಲಿ ಒಂದು ಬೇವಿನ ಮರವಿದೆ. ಇಂಥ ಜಾಗಕ್ಕೆ ಒಗ್ಗುವ ಹುಲ್ಲು ಯಾವುದು? ಅಥವಾ ಆಸೆಯನ್ನೇ ಬಿಡಬೇಕೋ?


ಪರಸಿಪ್ರಿಯ, ಶಹಾಬಾದ್

ನಿಮ್ಮ ಯಜಮಾನರ ಮಾತು ಕೇಳಿ ಅಕ್ಕಾ. ನಮ್ಮೂರ ಕಲ್ಲಿಗೆ ನೀರು ಬೇಡ, ಗೊಬ್ಬರ ಬೇಡ, ಹಳದಿಯಂತೂ ಆಗುವುದಿಲ್ಲ. ಸಂಜೆ ಎರಡು ಕೊಡ ನೀರು ಚೆಲ್ಲಿದರೆ ಹೊರಸು ಹಾಕಿಕೊಂಡು ಮಲಗಬಹುದು.


ಲಾಲ್‌ಬಾಗ್ ನೆರೆಯವರು, ಬೆಂಗಳೂರು

ನಮ್ಮ ಮನೆಯಲ್ಲಿ ಅಗಲ ಎಲೆಯ ಕಾರ್ಪೆಟ್ ಹುಲ್ಲು ಹಾಕಿದ್ದೇವೆ. ಹತ್ತು ವರ್ಷದಿಂದ ಹಸಿರಾಗಿದೆ, ನೆರಳಿದ್ದರೂ ಬೆಳೆಯುತ್ತದೆ, ಕತ್ತರಿಸುವ ಕೆಲಸವೂ ಕಡಿಮೆ. ಅದನ್ನೇ ಹಾಕಿ ನೋಡಬಹುದು.


ಕರಕಿ ಕಾಕಾ, ಕಲಬುರಗಿ
ಏಪ್ರಿಲ್ 25

ಬೆಂಗಳೂರಿನವರು ಬೇಸರ ಮಾಡಿಕೊಳ್ಳಬಾರದು. ನಿಮ್ಮ ಕಾರ್ಪೆಟ್ ಹುಲ್ಲಿಗೆ ಸ್ವಲ್ಪ ಹುಳಿ ಸ್ವಭಾವದ, ಸದಾ ತೇವವಿರುವ ಮಣ್ಣು ಬೇಕು. ನಿಮ್ಮ ಊರು 900 ಮೀಟರಿನ ಮೇಲೆ ಕೆಂಪು ಮಣ್ಣಿನಲ್ಲಿ ಕುಳಿತಿದೆ. ಇಲ್ಲಿ ಮೇ ತಿಂಗಳು 42, 43 ಡಿಗ್ರಿ, ಮಣ್ಣು ಸುಣ್ಣದ್ದು. ಅದನ್ನು ಇಲ್ಲಿಗೆ ತರುವುದು ಎಮ್ಮೆಯನ್ನು ಮರಳುಗಾಡಿಗೆ ಹೊಡೆದುಕೊಂಡು ಹೋದಂತೆ.

ತಂಗಿ, ಹುಲ್ಲಿನ ಹೆಸರು ಆಮೇಲೆ. ನಾಳೆ ಬೆಳಿಗ್ಗೆ ಸತ್ತ ಚೌಕವೊಂದರ ಮೂಲೆ ಹಿಡಿದು ಎತ್ತಿ ನೋಡು. ಬೇರು ಎಲ್ಲಿದೆ ಎಂದು ನೋಡು. ಕೆಂಪು ಮಣ್ಣಿನಲ್ಲೇ ಸುತ್ತಿಕೊಂಡಿದೆಯೋ, ಕರಿ ಮಣ್ಣಿಗೆ ಇಳಿದಿದೆಯೋ? ಇನ್ನೊಂದು: ಸ್ವಲ್ಪ ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡು. ಬುಸ್ಸೆಂದು ನೊರೆ ಎದ್ದರೆ ಮಣ್ಣಿನಲ್ಲಿ ಸುಣ್ಣವಿದೆ ಎಂದು ತಿಳಿ. ಮೂರನೆಯದು: ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಡು. ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತದೆ, ಜೇಡಿ ಕೂರಲು ಒಂದು ದಿನ ಬೇಕು. ಮೂರು ದಿನವಾದರೂ ನೀರು ಕಲಕಾಗಿಯೇ ಇದ್ದರೆ ಸೋಡಿಯಂ ಹೆಚ್ಚಿರಬಹುದು, ಆಗ ಮಣ್ಣನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸು. ಜಿಪ್ಸಂ ಹಾಕು ಎಂದು ಹೇಳುವವರು ಬರುತ್ತಾರೆ. ಸೋಡಿಯಂ ಇದ್ದರೆ ಮಾತ್ರ ಅದಕ್ಕೆ ಕೆಲಸ, ಇಲ್ಲದಿದ್ದರೆ ಹಣ ದಂಡ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದ ದೆಸೆಯಿಂದ ಬೇರಿಗೆ ಸಿಗುವುದಿಲ್ಲ. ನೀರು ಹೆಚ್ಚು ನಿಲ್ಲಿಸಿದಷ್ಟೂ ಈ ಹಳದಿ ಹೆಚ್ಚುತ್ತದೆ. ನೀನು ಎರಡು ಹೊತ್ತು ಪೈಪು ಹಿಡಿದದ್ದು ಪ್ರೀತಿಯಿಂದಲೇ, ಆದರೆ ಹುಲ್ಲಿಗೆ ಅದು ಬೇಕಾಗಿರಲಿಲ್ಲ.


ಡಿಸೆಂಬರ್ ರಾಜ, ಸೇಡಂ

ನನ್ನ ಕಥೆಯೂ ಸೇರಿಸಿಕೊಳ್ಳಿ. ಆನ್‌ಲೈನಿನಲ್ಲಿ ಹುಲ್ಲಿನ ಬೀಜದ ಪೊಟ್ಟಣ ತರಿಸಿದ್ದೆ. ಮೇಲೆ ಹಸಿರು ಗುಡ್ಡದ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಕೆಂಟಕಿ ಬ್ಲೂಗ್ರಾಸ್ ಮತ್ತು ರೈಗ್ರಾಸ್ ಎಂದು ಬರೆದಿತ್ತು. ನವೆಂಬರಿನಲ್ಲಿ ಬಿತ್ತಿದೆ. ಡಿಸೆಂಬರಿನಲ್ಲಿ ಎಂಥ ಹಸಿರೆಂದರೆ, ಮೊಮ್ಮಗನ ಹುಟ್ಟುಹಬ್ಬದ ಪಟವೆಲ್ಲ ಅಲ್ಲೇ ತೆಗೆಸಿದೆವು. ಮಾರ್ಚ್ 20ರೊಳಗೆ ಬೂದಿ. ಆಮೇಲೆ ತಿಳಿಯಿತು, ಅವು ತಂಪು ದೇಶದ ಹುಲ್ಲುಗಳಂತೆ. 15ರಿಂದ 24 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ನಮ್ಮ ಸೇಡಂನಲ್ಲಿ ಅಷ್ಟು ತಂಪು ರಾತ್ರಿ ಮಾತ್ರ, ಅದೂ ಎರಡೇ ತಿಂಗಳು.


ಅಂಗಳದವಳು
ಏಪ್ರಿಲ್ 29

ಕಾಕಾ, ನೀವು ಹೇಳಿದಂತೆ ಎತ್ತಿ ನೋಡಿದೆ. ಹಂಚಿನ ಮೇಲಿನ ರೊಟ್ಟಿಯಂತೆ ಚೌಕ ಪೂರ್ತಿ ಮೇಲೆದ್ದು ಬಂದಿತು! ಅಡಿಯಲ್ಲಿ ಒಂದು ಅಂಗುಲ ಕೆಂಪು ಮಣ್ಣು, ಅದರೊಳಗೆ ಬೇರುಗಳು ಶಾವಿಗೆಯಂತೆ ಸುತ್ತಿಕೊಂಡು ಒಣಗಿವೆ. ಕರಿ ಮಣ್ಣಿನೊಳಗೆ ಒಂದು ಎಳೆಯೂ ಇಳಿದಿಲ್ಲ. ಅದರ ಕೆಳಗೆ ನೆಲ ಸೀಳಿ, ನನ್ನ ಸ್ಕೇಲು ಆರು ಅಂಗುಲ ಒಳಗೆ ಹೋಯಿತು. ಆ ಸ್ಕೇಲಿನಲ್ಲಿ ಹತ್ತು ವರ್ಷ ಮಕ್ಕಳಿಗೆ ಗೆರೆ ಎಳೆಯುವುದನ್ನು ಕಲಿಸಿದ್ದೇನೆ, ಮಣ್ಣಿನ ಬಿರುಕು ಅಳೆಯುವ ದಿನ ಬರುತ್ತದೆಂದು ಎಣಿಸಿರಲಿಲ್ಲ.

ವಿನೆಗರ್ ಹಾಕಿದಾಗ ಸೋಡಾ ಬಾಟಲಿಯ ಸದ್ದು ಬಂತು. ಮಣ್ಣಿನಲ್ಲಿ ಜೋಳದ ಕಾಳಿನಷ್ಟು ಬಿಳಿ ಹರಳುಗಳೂ ಇವೆ. ಬಾಟಲಿಯ ನೀರು ಎರಡನೇ ದಿನಕ್ಕೆ ತಿಳಿಯಾಯಿತು. ಮರಳು ಬೆರಳಗಲ, ಉಳಿದದ್ದೆಲ್ಲ ಜೇಡಿ.

ಅತ್ತೆಯವರು ಈಗ ಬಾಯಿಬಿಟ್ಟರು: "ನಮ್ಮಪ್ಪ ಹೊಲದಲ್ಲಿ ಕರಕಿ (ಗರಿಕೆ) ಕೀಳುವುದರಲ್ಲೇ ಬೆನ್ನು ಬಗ್ಗಿಸಿಕೊಂಡ. ನೀನು ದುಡ್ಡು ಕೊಟ್ಟು ಹುಲ್ಲು ತರಿಸಿದಾಗ ನನಗೆ ನಗು ಬಾರದೆ ಇನ್ನೇನು?"


ಕರಕಿ ಕಾಕಾ

ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಉತ್ತರ ಅವರ ಬಾಯಲ್ಲೇ ಇದೆ. ನಾಳೆ ಬರೆಯುತ್ತೇನೆ, ಇವತ್ತು ಕರೆಂಟ್ ಇಲ್ಲ.


ನೆರಳಿನ ಲೆಕ್ಕ, ಯಾದಗಿರಿ
ಏಪ್ರಿಲ್ 30

ಕಾಕಾ ಬರೆಯುವ ಮೊದಲು ನನ್ನದೊಂದು ಮಾತು. ಎಲ್ಲರೂ ಮಣ್ಣನ್ನೇ ಹಿಡಿದಿದ್ದೀರಿ. ಅಕ್ಕನವರ ಮೊದಲ ಬರಹದಲ್ಲಿ "ಉತ್ತರಕ್ಕೆ ಬಾಗಿಲು" ಎಂಬ ಮಾತಿದೆ. ಹುಲ್ಲು ಆರಿಸುವಾಗ ನನಗೆ ಅದೇ ದೊಡ್ಡ ಸಂಗತಿ.

ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 9ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಅವನು ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆಗ ನಿಮ್ಮ ಅಂಗಳಕ್ಕೆ ಬಿಸಿಲಿಗೆ ಬರವಿಲ್ಲ. ಡಿಸೆಂಬರ್ ಕೊನೆಗೆ ಮಾತ್ರ ಮಧ್ಯಾಹ್ನವೂ ಅವನ ಎತ್ತರ ಸುಮಾರು 49 ಡಿಗ್ರಿ, ಅದೂ ದಕ್ಷಿಣದಲ್ಲಿ. ನಿಮ್ಮ ಮನೆ 20 ಅಡಿ ಎತ್ತರ ಎಂದಿಟ್ಟುಕೊಳ್ಳಿ. ನಡುಹಗಲಿನಲ್ಲಿ ಅದರ ನೆರಳು ಉತ್ತರಕ್ಕೆ 17 ಅಡಿ ಚಾಚುತ್ತದೆ. 20 ಅಡಿ ಅಂಗಳದಲ್ಲಿ ಉಳಿಯುವುದು ಕಾಂಪೌಂಡಿನ ಪಕ್ಕದ ಮೂರು ಅಡಿ. ಮಾರ್ಚ್ 21ಕ್ಕೆ ನೆರಳು ಆರು ಅಡಿಗೆ ಇಳಿಯುತ್ತದೆ. ಎಂದರೆ ಗೋಡೆಯ ಬದಿಯ ಆರು ಅಡಿ ಪಟ್ಟಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ನಡುಹಗಲಿನ ಬಿಸಿಲೇ ಇಲ್ಲ. ಬಿಸಿಲು ಬೇಡುವ ಹುಲ್ಲನ್ನು ಅಲ್ಲಿಗೆ ತಂದರೆ ಪ್ರತಿ ಚಳಿಗಾಲವೂ ಅದು ತೆಳ್ಳಗಾಗುತ್ತದೆ. ಆ ಪಟ್ಟಿಗೆ ಕಲ್ಲೇ ಸರಿ. ಶಹಾಬಾದಿನವರು ತಮಾಷೆಗೆ ಹೇಳಿದ್ದು ಅರ್ಧ ನಿಜ.

ಈಗ ನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ನಿಮ್ಮ 600 ಚದರ ಅಡಿ ಸುಮಾರು 56 ಚದರ ಮೀಟರ್. ನಡು ಬೇಸಿಗೆಯಲ್ಲಿ ಹುಲ್ಲನ್ನು ಹಸಿರಾಗಿಡಲು ದಿನಕ್ಕೆ 5 ಮಿಲಿಮೀಟರ್ ಹಿಡಿದರೂ 280 ಲೀಟರ್, ವಾರಕ್ಕೆ ಎರಡು ಸಾವಿರದ ಹತ್ತಿರ. ಬೋರು ಕೈಕೊಟ್ಟ ವರ್ಷ ಟ್ಯಾಂಕರ್ ನೀರನ್ನು ಹುಲ್ಲಿಗೆ ಹೊಡೆಯಲು ಯಾರಿಗೆ ಮನಸ್ಸು ಬರುತ್ತದೆ? ಹುಲ್ಲನ್ನು 300 ಚದರ ಅಡಿಗೆ ಇಳಿಸಿ. ದಿನಕ್ಕೆ 140 ಲೀಟರ್ ಸಾಕು.

ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹುಲ್ಲಿಗೆ ಹಾಕುತ್ತೇವೆ ಎನ್ನುವವರು ಬಹಳ ಜನ. ನಾನೂ ಹಾಕಿದ್ದೆ. ಅದರಲ್ಲಿ ಉಪ್ಪಿನ ಅಂಶ ದಟ್ಟವಾಗಿರುತ್ತದೆ. ಬೇರೆ ನೀರಿನೊಡನೆ ಬೆರೆಸಿ ಹಾಕಬಹುದು, ಅದೊಂದನ್ನೇ ನಂಬಿಕೊಂಡರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.


ಆಳಂದ ನಾಕಾ, ಕಲಬುರಗಿ

ಮೆಕ್ಸಿಕನ್ ಹುಲ್ಲಿಗೆ ಎಲ್ಲರೂ ಸೇರಿ ಶ್ರಾದ್ಧ ಮಾಡುವ ಮೊದಲು ನನ್ನ ಮಾತನ್ನೂ ಕೇಳಿ. ನಮ್ಮ ಮನೆಯಲ್ಲಿ ಅದು ಆರು ವರ್ಷದಿಂದ ಇದೆ. ದಟ್ಟ, ಮೆತ್ತೆಯಂತೆ. ಕಳೆ ತೂರಲು ಜಾಗವೇ ಇಲ್ಲ. ತಿಂಗಳಿಗೊಮ್ಮೆ ಕತ್ತರಿಸಿದರೆ ಸಾಕು. ಸ್ವಲ್ಪ ನೆರಳನ್ನೂ ತಡೆಯುತ್ತದೆ. ಕರಕಿಗೆ ನೆರಳೆಂದರೆ ಆಗದು.

ಆದರೆ ಪೂರ್ತಿ ಲೆಕ್ಕ ಹೇಳಬೇಕು. ನಾನು ಎರೆ ಮಣ್ಣನ್ನು ಒಂದು ಅಡಿ ತೆಗೆಸಿ, ಎಂಟು ಅಂಗುಲ ಕೆಂಪು ಮಣ್ಣು ಮತ್ತು ಕೊಳೆತ ಗೊಬ್ಬರ ತುಂಬಿಸಿದ್ದೆ. ಅದಕ್ಕೆ ತಗಲಿದ ಖರ್ಚಿನಲ್ಲಿ ಒಂದು ಹಳೆಯ ಸ್ಕೂಟರ್ ಬರುತ್ತಿತ್ತು. ಅಂಗಳ ಪೂರ್ವಕ್ಕಿದೆ, ಮೂರು ಗಂಟೆಯ ಮೇಲೆ ಮನೆಯದೇ ನೆರಳು. ಹಳೆಯ ಸೇದುವ ಬಾವಿ ಇದೆ. ಚೌಕ ತರಿಸದೆ ತುಂಡು ತುಂಡು ನಾಟಿ ಮಾಡಿಸಿದ್ದರಿಂದ ಮೈ ತುಂಬಲು 14 ತಿಂಗಳು ಹಿಡಿಯಿತು. ಇಷ್ಟಕ್ಕೆ ಸಿದ್ಧವಿದ್ದವರು ಹಾಕಿ. ಅರೆಮನಸ್ಸಿನವರು ಹಾಕಬೇಡಿ.


ಕೆಂಪು ಮಣ್ಣಿನವನು, ಬೀದರ್
ಮೇ 1

ನಾನು ಸಣ್ಣದೊಂದು ನರ್ಸರಿ ನಡೆಸುವವನು. ನಮ್ಮ ಕಸುಬಿನ ಒಳಗುಟ್ಟು ಒಂದನ್ನು ಹೇಳಿಬಿಡುತ್ತೇನೆ. ಮೆಕ್ಸಿಕನ್, ಕೊರಿಯನ್ ಎಂಬುವು ವ್ಯಾಪಾರದ ಹೆಸರುಗಳು. ಒಂದೇ ಹುಲ್ಲು ಮೂರು ಅಂಗಡಿಯಲ್ಲಿ ಮೂರು ಹೆಸರಿನಿಂದ ಮಾರಾಟವಾಗುತ್ತದೆ. ಸಾಮಾನ್ಯವಾಗಿ ಇವೆರಡೂ ಜೋಯ್ಸಿಯಾ ಜಾತಿಯವು, ಮೂಲ ಪೂರ್ವ ಏಷ್ಯಾದ ಕಡೆಯದು. ಮೆಕ್ಸಿಕೊ ದೇಶಕ್ಕೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. ಸೆಲೆಕ್ಷನ್ ಒನ್ ಎಂದು ಮಾರುವುದು ಕರಕಿಯ ವಂಶದ, ಸಣ್ಣ ಎಲೆಯ ಹುಲ್ಲು. 419 ಎಂಬ ಹೆಸರು ಕಿವಿಗೆ ಬಿದ್ದಿರಬಹುದು, ಅದು ಟಿಫ್‌ವೇ ಎಂಬ ಹುಲ್ಲು. ಅಮೆರಿಕದ ಜಾರ್ಜಿಯಾದ ಟಿಫ್ಟನ್ ಎಂಬ ಊರಿನಲ್ಲಿ ಕರಕಿಯನ್ನೂ ಅದರ ಆಫ್ರಿಕಾದ ಸೋದರ ಜಾತಿಯನ್ನೂ ಬೆಸೆದು ಪಡೆದದ್ದು, 1960ರಲ್ಲಿ ಹೊರಬಂತು. ಅದು ಮೊಳೆಯುವ ಬೀಜ ಕಟ್ಟುವುದಿಲ್ಲ, ಬಳ್ಳಿಯಿಂದಲೇ ಹಬ್ಬಿಸಬೇಕು. ಯಾರಾದರೂ 419ರ ಬೀಜ ಎಂದು ಪೊಟ್ಟಣ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಕೊಳ್ಳುವ ಮೊದಲು ಕೈಯಿಂದ ಮುಟ್ಟಿ ನೋಡಿ. ಅಂಗೈಯನ್ನು ಹುಲ್ಲಿನ ಮೇಲೆ ಒತ್ತಿದಾಗ ಸಣ್ಣ ಸೂಜಿಗಳಂತೆ ಚುಚ್ಚಿದರೆ ಜೋಯ್ಸಿಯಾ. ಕರಕಿ ಮೆತ್ತಗೆ ಬಾಗುತ್ತದೆ. ತೆನೆ ಬಿಟ್ಟಿದ್ದರೆ ಇನ್ನೂ ಸುಲಭ. ಕರಕಿಯ ತೆನೆ ಒಂದೇ ಬಿಂದುವಿನಿಂದ ನಾಲ್ಕೈದು ಬೆರಳು ಅಗಲಿಸಿದಂತೆ ಇರುತ್ತದೆ. ಅದರ ಶಾಸ್ತ್ರೀಯ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್, ಆ ಎರಡನೇ ಪದದ ಮೂಲದಲ್ಲಿ ಇರುವುದೂ ಬೆರಳೇ. ಜೋಯ್ಸಿಯಾದ ತೆನೆ ಒಂಟಿ ಕಡ್ಡಿ.

ನಮ್ಮ ಬೀದರಿನವರು ಪುಣ್ಯವಂತರು. ಜಂಬಿಟ್ಟಿಗೆ ಮಣ್ಣು, ನೀರು ಬಸಿದು ಹೋಗುತ್ತದೆ, ಊರು ಎತ್ತರದಲ್ಲಿರುವುದರಿಂದ ಬಿಸಿಲೂ ತುಸು ಮೆತ್ತಗೆ. ಹದಿನೈದನೇ ಶತಮಾನದಲ್ಲಿ ಬಹಮನಿಯವರು ಇದೇ ಜಂಬಿಟ್ಟಿಗೆಯಲ್ಲಿ ಸುರಂಗ ಕೊರೆದು, ಕಾರೇಜ್ ಎಂಬ ನೆಲದಡಿಯ ಕಾಲುವೆಯಿಂದ ಊರಿಗೆ ನೀರು ತಂದರು. ಇಲ್ಲಿ ನಾನು ಧೈರ್ಯವಾಗಿ ಮೆಕ್ಸಿಕನ್ ಮಾರುತ್ತೇನೆ. ಕಲಬುರಗಿಯ ಎರೆ ಮಣ್ಣಿನವರು ಬಂದರೆ ಮಾತ್ರ ಮೊದಲು ಮಣ್ಣಿನ ವಿಚಾರ ಕೇಳುತ್ತೇನೆ. ಅದರಿಂದ ಎಷ್ಟೋ ಗಿರಾಕಿಗಳು ಕೈತಪ್ಪಿದ್ದಾರೆ. ಅಕ್ಕನವರಿಗೆ ಫೆಬ್ರುವರಿಯಲ್ಲಿ ಚೌಕ ಮಾರಿದವರು ಆ ಪ್ರಶ್ನೆ ಕೇಳಬೇಕಾಗಿತ್ತು.


ಸಂಜೆ ಕ್ರಿಕೆಟ್, ಯಾದಗಿರಿ

ಪ್ಲಾಸ್ಟಿಕ್ ಹುಲ್ಲು ಹಾಕಿಸಿದರೆ ಈ ತಲೆನೋವೆಲ್ಲ ಇಲ್ಲವಲ್ಲ?


ನೆರಳಿನ ಲೆಕ್ಕ

ತಮ್ಮಾ, ಅದರ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ನಿಂತು ಆಮೇಲೆ ಬರೆ. ಸುಡುಬಿಸಿಲಿಗೆ ಅದರ ಮೈ 60 ಡಿಗ್ರಿ ದಾಟುತ್ತದೆ.


ಕರಕಿ ಕಾಕಾ
ಮೇ 2

ಕರೆಂಟ್ ಬಂತು. ಬೀದರಿನವರೇ, ನಿಮ್ಮಂಥ ನರ್ಸರಿಯವರು ಇನ್ನಷ್ಟು ಜನ ಇರಬೇಕಾಗಿತ್ತು.

ತಂಗಿ, ನಿನ್ನ ಹುಲ್ಲು ಬಾಯಾರಿಕೆಯೊಂದರಿಂದಲೇ ಸಾಯಲಿಲ್ಲ. ಕೆಳಗಿನ ಮಣ್ಣನ್ನು ಕಡಿದು ಹದ ಮಾಡದೆ ಮೇಲೆ ಚಾಪೆ ಹಾಸಿದರು. ನೀನು ಹಾಕಿದ ನೀರು ಮೇಲಿನ ಒಂದು ಅಂಗುಲ ಕೆಂಪು ಮಣ್ಣನ್ನು ನೆನೆಸಿ, ಉಳಿದದ್ದು ಬಿರುಕಿನೊಳಗೆ ಇಳಿದುಹೋಯಿತು. ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಅದು ಬೇರನ್ನು ಹರಿದು ಹಾಕುತ್ತದೆ. ಮೇಲೆ ಚೆಲ್ಲಿದ ನಾಲ್ಕು ಪುಟ್ಟಿ ಮರಳಿನಿಂದ ಏನೂ ಆಗದು. ಜೇಡಿಗೆ ಮರಳು ಬೆರೆಸಿ ಹಗುರ ಮಾಡಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಮರಳೇ ಬೇಕು. ಅಲ್ಪಸ್ವಲ್ಪ ಬೆರೆಸಿದರೆ ಇಟ್ಟಿಗೆ ಮಾಡಿದಂತಾಗುತ್ತದೆ. ಎರೆ ಮಣ್ಣಿಗೆ ಗೊಬ್ಬರವೇ ಮದ್ದು. ಇನ್ನು ಫೆಬ್ರುವರಿಯಲ್ಲಿ ಹಾಸಿದ ಹುಲ್ಲಿಗೆ ಬೇರು ಬಿಡಲು ಸಿಕ್ಕಿದ್ದು ಎಂಟು ವಾರ. ಆಮೇಲೆ ಬೆಂಕಿ.

ನನ್ನ ಮಟ್ಟಿಗೆ ನಿನ್ನ ಅಂಗಳಕ್ಕೆ ಹುಲ್ಲು ಒಂದೇ. ಪುಸ್ತಕದಲ್ಲಿ ಗರಿಕೆ, ನಮ್ಮ ಬಾಯಲ್ಲಿ ಕರಕಿ. ಸುಣ್ಣದ ಮಣ್ಣು, ಗಡಸು ನೀರು, ಉಪ್ಪು, ಬಿಸಿಲು ಎಲ್ಲ ತಡೆಯುತ್ತದೆ. ನೀರು ಸಿಗದಿದ್ದರೆ ಒಣಗಿ ಮಲಗುತ್ತದೆ, ಸತ್ತಿತೆಂದು ಅಳುವ ಹೊತ್ತಿಗೆ ಒಂದು ಮಳೆ ಬಿದ್ದರೆ ಗಣ್ಣಿನಿಂದ ಚಿಗುರುತ್ತದೆ. ರೈತ ಅದನ್ನು ಶಪಿಸುವುದು ಈ ಗುಣಕ್ಕೇ. ದೋಷಗಳೂ ಇವೆ: ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೇಕು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಬೇಕು, ಪಕ್ಕದ ಹೂವಿನ ಪಾತಿಗೆ ಕೇಳದೆ ನುಗ್ಗುತ್ತದೆ. ಪಾತಿಯ ಅಂಚಿಗೆ ಪರಸಿಯನ್ನು ನಿಲ್ಲಿಸಿ ಹುಗಿದರೆ ಸ್ವಲ್ಪ ತಡೆ.

ಸೆಲೆಕ್ಷನ್ ಒನ್ ಆಗಬಹುದೇ ಎಂದು ಕೇಳುತ್ತೀಯ. ಆಗುತ್ತದೆ, ನೋಡಲು ಇನ್ನೂ ಚೆಂದ, ಆದರೆ ಅದರ ಚೆಂದ ನಿಲ್ಲುವುದು ಕತ್ತರಿಯ ಮೇಲೆ. ಶಾಲೆಯ ಕೆಲಸದವಳಿಗೆ ನಾಲ್ಕೈದು ದಿನಕ್ಕೊಮ್ಮೆ ಯಂತ್ರ ಓಡಿಸುವುದು ಸಾಧ್ಯವೇ, ನೀನೇ ಯೋಚಿಸು.


ಆಳಂದ ನಾಕಾ

ಕಾಕಾ ಅವರಿಗೆ ಕರಕಿಯ ಮೇಲೆ ಪಕ್ಷಪಾತ. ಹೆಸರಿನಲ್ಲೇ ಇದೆ!


ಕರಕಿ ಕಾಕಾ

ಇದೆ. ಮುಚ್ಚಿಟ್ಟಿಲ್ಲ.


ಅಂಗಳದವಳು
ಮೇ 10

ನಾಲ್ಕು ದಿನ ಗಂಟೆಗೊಮ್ಮೆ ಸೀಮೆಸುಣ್ಣದಿಂದ ನೆರಳಿನ ಗಡಿ ಗೀಚಿದೆ. ರಜೆಯಲ್ಲಿರುವ ಮಗಳಿಗೆ ಅದೇ ಆಟ. ಯಾದಗಿರಿಯವರು ಹೇಳಿದ್ದು ನಿಜ, ನಿನ್ನೆ ಹನ್ನೆರಡೂವರೆಗೆ ನಮ್ಮ ನೆರಳು ನಮ್ಮ ಪಾದದ ಕೆಳಗೇ ಅಡಗಿತ್ತು. ಬೇವಿನ ಕೆಳಗೆ ಮಾತ್ರ ಎರಡು ಗಂಟೆಯ ಬಿಸಿಲೂ ಇಲ್ಲ.

ತೀರ್ಮಾನ ಹೀಗೆ: ಗೋಡೆಯ ಕಡೆಯ 10 ಅಡಿಗೆ ಪರಸಿ (ಯಜಮಾನರು ಗೆದ್ದರು). ಬೇವಿನ ಬುಡಕ್ಕೆ ಏನೂ ಇಲ್ಲ, ಕುಂಡಗಳು ಮತ್ತು ಅತ್ತೆಯವರ ಕುರ್ಚಿ. ಕಾಂಪೌಂಡಿನ ಕಡೆಯ 10 ಅಡಿಗೆ ಕರಕಿ. ಕಾಕಾ, ಡಿಸೆಂಬರಿನಲ್ಲಿ ಅಲ್ಲಿಗೂ ನೆರಳು ಬರುತ್ತದೆಂದು ಗೊತ್ತು. ನಡೆಯುತ್ತದೆಯೇ? ಬಳ್ಳಿ ಎಲ್ಲಿಂದ ತರಲಿ? ಬೀಜ ಹಾಕಬಹುದೇ?


ಕರಕಿ ಕಾಕಾ
ಮೇ 11

ಎರಡು ತಿಂಗಳ ನೆರಳಿಗೆ ಸ್ವಲ್ಪ ಬಡಕಲಾಗುತ್ತದೆ. ಆ ಎರಡು ತಿಂಗಳು ಕಡಿಮೆ ಕತ್ತರಿಸು, ಎಲೆ ಎರಡು ಅಂಗುಲ ಇರಲಿ. ಫೆಬ್ರುವರಿಯ ಬಿಸಿಲಿಗೆ ಮತ್ತೆ ತುಂಬಿಕೊಳ್ಳುತ್ತದೆ.

ಬೀಜದಿಂದಲೂ ಬರುತ್ತದೆ, ಆದರೆ ಬೀಜ ಧೂಳಿನಷ್ಟು ಸಣ್ಣದು, ಮೊದಲ ಜೋರು ಮಳೆಗೆ ಕೊಚ್ಚಿ ಒಂದು ಮೂಲೆಗೆ ಸೇರುತ್ತದೆ. ಬಳ್ಳಿಯೇ ಒಳ್ಳೆಯದು. ದುಡ್ಡು ಕೊಡಬೇಡ. ನಿಮ್ಮ ಅತ್ತೆಯವರ ತವರಿನ ಹೊಲದ ಬದುವಿನಲ್ಲಿ ಹುಡುಕಿಸು. ಎಲ್ಲ ಕರಕಿ ಒಂದೇ ಅಲ್ಲ. ಕೆಲವು ಒರಟು, ಗಣ್ಣಿನಿಂದ ಗಣ್ಣಿಗೆ ಎರಡು ಮೂರು ಅಂಗುಲ. ಜನ, ದನ ತುಳಿದಾಡುವ ಕಾಲುದಾರಿಯ ಅಂಚಿನಲ್ಲಿ ನೆಲಕ್ಕೆ ಅಂಟಿಕೊಂಡು, ಗಣ್ಣು ಒತ್ತೊತ್ತಾಗಿ, ಎಲೆ ಸಣ್ಣಗೆ ಇರುವುದು ಸಿಗುತ್ತದೆ. ತುಳಿತಕ್ಕೆ ಹಾಗಾಗಿದೆಯೋ, ಜಾತಿಯೇ ಹಾಗೋ ತಿಳಿಯಲು ಎರಡು ಹಿಡಿ ತಂದು ಕುಂಡದಲ್ಲಿ ನೆಟ್ಟು ಮೂರು ವಾರ ನೋಡು. ಕುಂಡದಲ್ಲೂ ಸಣ್ಣಗೇ ಇದ್ದರೆ ಅದನ್ನೇ ತರಿಸು.

ಅಷ್ಟರಲ್ಲಿ ನೆಲ ಕಡಿಸು. ಎಂಟು ಅಂಗುಲ ಆಳ. ಹೆಂಟೆಗಳು ಈ ಬಿಸಿಲಿಗೆ ಕಾಯಲಿ. ಒಮ್ಮೆ ನೀರು ಬಿಟ್ಟು ಹತ್ತು ದಿನ ಸುಮ್ಮನಿರು, ಜೇಕು ಎಂಬ ಗಡ್ಡೆಯ ಕಳೆ ತಲೆ ಎತ್ತುತ್ತದೆ. ಎಲೆ ಹಿಡಿದು ಎಳೆದರೆ ಗಡ್ಡೆ ಒಳಗೇ ಉಳಿಯುತ್ತದೆ, ಕುರ್ಪಿಯಿಂದ ಗಡ್ಡೆಸಮೇತ ಅಗೆದು ತೆಗೆ. ಇದನ್ನು ಎರಡು ಬಾರಿ ಮಾಡು. ಆಮೇಲೆ ಪೂರ್ತಿ ಕೊಳೆತ ತಿಪ್ಪೆಗೊಬ್ಬರ ಎರಡು ಅಂಗುಲ ಹರಡಿ ಮಣ್ಣಿನಲ್ಲಿ ಬೆರೆಸು. ಅರೆಕೊಳೆತದ್ದು ತಂದರೆ ಗೊಬ್ಬರದ ಜೊತೆ ಊರಿನ ಕಳೆಯೆಲ್ಲ ಬರುತ್ತದೆ. ಗೇಟಿನ ಕಡೆಗೆ 10 ಅಡಿಗೆ ಎರಡು ಅಂಗುಲ ಇಳಿಜಾರು ಕೊಡು, ನೀರು ನಿಲ್ಲಬಾರದು.

ನಾಟಿ ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆಯೇ. ನಾಲ್ಕು ಅಂಗುಲದ ತುಂಡು, ಮೂರು ಗಣ್ಣಾದರೂ ಇರಬೇಕು. ಆರು ಅಂಗುಲಕ್ಕೊಂದು, ಎರಡು ಗಣ್ಣು ಮಣ್ಣಿನೊಳಗೆ, ತುದಿ ಹೊರಗೆ. ಕಾಲಿನಿಂದ ಒತ್ತು. ಮಳೆ ಎಡೆ ಕೊಟ್ಟರೆ ಮೊದಲ ಎರಡು ವಾರ ಮಾತ್ರ ದಿನಾ ನೀರು. ಬೇರೂರಿದ ಮೇಲೆ ವಾರಕ್ಕೆ ಎರಡು ಬಾರಿ, ತುಂಬ. ಎರೆ ಮಣ್ಣು ನಿಧಾನವಾಗಿ ಕುಡಿಯುತ್ತದೆ, ಅರ್ಧ ನೀರು ಬಿಟ್ಟು ಅರ್ಧ ಗಂಟೆ ಕಾದು ಉಳಿದರ್ಧ ಬಿಡು. ಬಿರುಕು ಬಿಡುವಷ್ಟು ಒಣಗಲು ಬಿಡಬೇಡ.


ಅಂಗಳದವಳು
ಜುಲೈ 3

ಮಿರಗ ಈ ಬಾರಿ ನಾಲ್ಕು ದಿನ ತಡವಾಗಿ ಬಂತು. ಜೂನ್ 14ರ ಭಾನುವಾರ ನಾಟಿ ಮಾಡಿದೆವು. ಜೇವರ್ಗಿಯ ಹೊಲದಿಂದ ಸೋದರಮಾವನವರು ಎರಡು ಗೋಣಿಚೀಲ ಕರಕಿ ಕಳಿಸಿದರು, ಬಸ್ಸಿನ ಕಂಡಕ್ಟರ್ ಲಗೇಜು ಕೇಳಲಿಲ್ಲವಂತೆ, ನಕ್ಕನಂತೆ. ಅತ್ತೆಯವರು ಕುರ್ಚಿಯಲ್ಲಿ ಕುಳಿತು ತುಂಡು ಕತ್ತರಿಸಿ ಕೊಟ್ಟರು, ನಾನು ಮತ್ತು ಮಗಳು ನೆಟ್ಟೆವು. ಸಾವಿರಕ್ಕೂ ಮೇಲೆ ತುಂಡುಗಳು. ಸೊಂಟ ಮೂರು ದಿನ ಎದ್ದಿಲ್ಲ.

ನಾಲ್ಕನೇ ದಿನ ಗೇಟು ತೆರೆದಿದ್ದಾಗ ಹಂದಿಗಳು ನುಗ್ಗಿ ಹಾಸಿಗೆಯಷ್ಟು ಜಾಗ ಉತ್ತು ಹಾಕಿದವು. ಮತ್ತೆ ನೆಟ್ಟೆವು. ಈಗ ಪ್ರತಿ ಗಣ್ಣಿನಿಂದಲೂ ಬಿಳಿ ಬೇರು ಹೊರಟು ನೆಲ ಹಿಡಿದಿದೆ. ಒಂದು ಬಳ್ಳಿಗೆ ಮಗಳು ದಾರ ಕಟ್ಟಿ ಅಳೆಯುತ್ತಿದ್ದಾಳೆ, ಕಳೆದ ಹತ್ತು ದಿನದಲ್ಲಿ ಒಂಬತ್ತು ಅಂಗುಲ ಹರಿದಿದೆ.


ಪರಸಿಪ್ರಿಯ, ಶಹಾಬಾದ್

ಕಲ್ಲು ಹತ್ತು ದಿನದಲ್ಲಿ ಒಂದು ಅಂಗುಲವೂ ಅಲುಗುವುದಿಲ್ಲ. ಹೇಳಿದೆನಷ್ಟೇ.


ಅಂಗಳದವಳು
ಸೆಪ್ಟೆಂಬರ್ 20

ಅಂಗಳ ತುಂಬಿದೆ. ಒಂದು ಕಡೆ ಬೋಳು ಉಳಿದಿದೆ, ಹಂದಿಯ ಪ್ರತಾಪ. ತಳ್ಳುವ ಕತ್ತರಿ ಯಂತ್ರ ಕೊಂಡೆವು, ಕರೆಂಟ್ ಬೇಡದ್ದು. ಮೊದಲ ಸಲ ಕತ್ತರಿಸಿದ ದಿನ ಅತ್ತೆಯವರು ಆ ಹುಲ್ಲನ್ನು ಸೆರಗಿನಲ್ಲಿ ತುಂಬಿಕೊಂಡು ಎದುರು ಮನೆಯ ಆಕಳಿಗೆ ಹಾಕಿ ಬಂದರು.

ಎಣಿಸದ ತೊಂದರೆ ಗಣಪತಿ ಹಬ್ಬದ ಹಿಂದಿನ ದಿನ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ತಟ್ಟೆ ಹಿಡಿದು ಬಂದರು: "ನಿಮ್ಮಲ್ಲಿ ಕರಕಿ ಇದೆಯಂತಲ್ಲ, 21 ಎಸಳು ಕೊಡಿ." ಕತ್ತರಿಸಿ ನಾಲ್ಕು ದಿನವಾಗಿತ್ತು. ಎಲ್ಲ ಎಸಳಿಗೂ ತುದಿ ಹೋಗಿತ್ತು, ತುದಿ ಇಲ್ಲದ್ದನ್ನು ದೇವರಿಗೆ ಏರಿಸುವುದು ಹೇಗೆ? ಯಂತ್ರ ತಾಗದ ಕಾಂಪೌಂಡಿನ ಬುಡದಲ್ಲಿ ಹುಡುಕಿ ಹುಡುಕಿ ಎಲ್ಲರಿಗೂ ಸಾಲುವಷ್ಟು ಸಿಕ್ಕಿತು. ಆ ಒಂದು ಅಡಿ ಪಟ್ಟಿಯನ್ನು ಇನ್ನು ಮುಂದೆ ಶ್ರಾವಣ ಬಂದ ಮೇಲೆ ಕತ್ತರಿಸಬಾರದೆಂದು ಅತ್ತೆಯವರ ಅಪ್ಪಣೆ.

ಕಾಕಾ, ಈಗ ಎರಡು ಪ್ರಶ್ನೆ. ಕೆಲವೆಡೆ ಎಳೆ ಎಲೆ ಮತ್ತೆ ಹಳದಿ. ಗೇಟಿನ ಹತ್ತಿರ ಹೊಳೆಯುವ, ಮುಟ್ಟಿದರೆ ಮೂರು ಮೂಲೆಯ ದಂಟಿನ ಹುಲ್ಲು ಎದ್ದಿದೆ.


ಕರಕಿ ಕಾಕಾ
ಸೆಪ್ಟೆಂಬರ್ 21

ಹಳದಿಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಯ ಮೇಲೆ ಸಿಂಪಡಿಸು, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಪರಸಿಯ ಮೇಲೆ ಬೀಳದಂತೆ ಗೋಣಿ ಹೊದಿಸು, ತುಕ್ಕಿನ ಕಲೆ ಹೋಗುವುದಿಲ್ಲ, ಯಜಮಾನರು ಬಯ್ಯುತ್ತಾರೆ. ಚದರ ಮೀಟರಿಗೆ 10 ಗ್ರಾಂ ಯೂರಿಯಾ ಕೊಡಬಹುದು, ನಿನ್ನ 28 ಚದರ ಮೀಟರಿಗೆ 280 ಗ್ರಾಂ, ಎಲೆ ಒಣಗಿರುವಾಗ ಚೆಲ್ಲಿ ಕೂಡಲೇ ನೀರು ಬಿಡು.

ಮೂರು ಮೂಲೆಯ ದಂಟು ಎಂದರೆ ಜೇಕು. ನಾನು ಎರಡು ಬಾರಿ ಅಗೆ ಎಂದಿದ್ದೆ. ನೀನು ಒಮ್ಮೆಗೇ ಬಿಟ್ಟಿದ್ದೀಯ, ಹೌದೋ ಅಲ್ಲವೋ?


ಅಂಗಳದವಳು

ಹೌದು ಕಾಕಾ. ಕುರ್ಪಿ ಹುಡುಕುತ್ತಿದ್ದೇನೆ.